270 ಕಿಲೋಹರ್ಟ್ಸ್ ಯಾರದು? ಭೋಸರಿಯ ಒಂದು ಬ್ಯಾಂಡ್‌ವಿಡ್ತ್ ಪ್ರಕರಣ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನೀರಿನ ಮೀಟರಿಗೆ ಕೂರಿಸುವ ರೇಡಿಯೊ ಮಾಡ್ಯೂಲ್ ತಯಾರಿಸುವ ಒಂದು ಸಣ್ಣ ಘಟಕ. ಶಾಪ್ ಫ್ಲೋರಿನಲ್ಲಿ ಮರಾಠಿ, ರಿಪೋರ್ಟಿನಲ್ಲಿ ಇಂಗ್ಲಿಷ್, ಟೆಸ್ಟ್ ಬೆಂಚಿನ ಸುತ್ತ ಮಾತ್ರ ಉತ್ತರ ಕರ್ನಾಟಕದ ಕನ್ನಡ. ರೇಡಿಯೊದ ಫರ್ಮ್‌ವೇರ್, ಅಂದರೆ ಒಳಗಿನ ಪ್ರೋಗ್ರಾಂ, ಬರೆದ ಎಂಜಿನಿಯರ್ ಹುಬ್ಬಳ್ಳಿಯ ಹುಡುಗ, ಟೆಸ್ಟ್ ವಿಭಾಗದ ಹಿರಿಯರು ಬೆಳಗಾವಿಯವರು. ಮಾಡ್ಯೂಲ್ ಕೆಲಸ ಮಾಡುವುದು 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಆಗ ಜಾರಿಯಲ್ಲಿದ್ದ 2005ರ ಅಧಿಸೂಚನೆಯ ಪ್ರಕಾರ ಇಲ್ಲಿ ಲೈಸೆನ್ಸ್ ಬೇಕಿರಲಿಲ್ಲ, ಆದರೆ ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್ ಮೀರುವಂತಿರಲಿಲ್ಲ, ಇಆರ್‌ಪಿ, ಅಂದರೆ ಅಂಟೆನಾದಿಂದ ಹೊರಬೀಳುವ ಶಕ್ತಿ, 4 ವ್ಯಾಟ್ ಮೀರುವಂತಿರಲಿಲ್ಲ, ಕ್ಯಾರಿಯರ್ ಬ್ಯಾಂಡ್‌ವಿಡ್ತ್, ಅಂದರೆ ಸಿಗ್ನಲ್ ಹಿಡಿಯುವ ಅಗಲ, 200 ಕಿಲೋಹರ್ಟ್ಸ್ ಮೀರುವಂತಿರಲಿಲ್ಲ. ಈ ಪ್ರಕರಣಕ್ಕೆ ಸಂಬಂಧಿಸಿದ್ದು ಮೂರನೆಯ ಷರತ್ತು.

ರೇಡಿಯೊದ ಲೆಕ್ಕ ಹೀಗಿತ್ತು: ಜಿಎಫ್‌ಎಸ್‌ಕೆ (ಬಿಟ್ 0 ಇದೆಯೋ 1 ಇದೆಯೋ ನೋಡಿ ಫ್ರೀಕ್ವೆನ್ಸಿಯನ್ನು ಆಚೀಚೆ ಸರಿಸುವ, ಆ ಸರಿತವನ್ನು ಗಾಸಿಯನ್ ಫಿಲ್ಟರಿನಿಂದ ನಯ ಮಾಡುವ ವಿಧಾನ), ಸೆಕೆಂಡಿಗೆ 150 ಕಿಲೋಬಿಟ್, ಡೀವಿಯೇಶನ್ ಅಂದರೆ ಸರಿಯುವ ದೂರ ಪ್ಲಸ್-ಮೈನಸ್ 37.5 ಕಿಲೋಹರ್ಟ್ಸ್, ಫಿಲ್ಟರ್ ಎಷ್ಟು ನಯ ಮಾಡುತ್ತದೆಂದು ಹೇಳುವ ಬಿಟಿ 0.5, ಔಟ್‌ಪುಟ್ 27 ಡಿಬಿಎಂ ಅಂದರೆ ಅರ್ಧ ವ್ಯಾಟ್. ಅನುಮೋದನೆಯ ಅರ್ಜಿಗೆ ಮುಂಚೆ ಘಟಕದಲ್ಲೇ ಒಮ್ಮೆ ಅಗಲ ಅಳೆದು ನೋಡೋಣವೆಂದು ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಎಂದು ತೋರಿಸುವ ಯಂತ್ರ) ಹಚ್ಚಿದರು. ಬಂದ ಮೊದಲ ಓದು 5 ಮೆಗಾಹರ್ಟ್ಸ್. ಎರಡನೆಯದು 270 ಕಿಲೋಹರ್ಟ್ಸ್. ಎರಡೂ ತಪ್ಪು, ಆದರೆ ಎರಡನೆಯದು ಹೆಚ್ಚು ಅಪಾಯದ ತಪ್ಪು, ಯಾಕೆಂದರೆ ಅದನ್ನು ಎಲ್ಲರೂ ನಂಬಿದರು.

ಕಾಗದದ ಮೇಲೆ ಏನು ಬರಬೇಕಿತ್ತು ಎಂಬುದನ್ನು ಮೊದಲು ನೋಡಬೇಕು. ಡೀವಿಯೇಶನ್ನಿನ ಎರಡರಷ್ಟನ್ನು ಬಿಟ್ ರೇಟಿನಿಂದ ಭಾಗಿಸಿದರೆ 75 ಭಾಗಿಸು 150, ಅಂದರೆ 0.5. ಮಾಡ್ಯುಲೇಶನ್ ಇಂಡೆಕ್ಸ್ ಎನ್ನುವ ಈ ಅನುಪಾತ 0.5 ಇರುವ ಜಿಎಫ್‌ಎಸ್‌ಕೆಗೆ ಇನ್ನೊಂದು ಹೆಸರೇ ಜಿಎಂಎಸ್‌ಕೆ. ಅದರ 99 ಪರ್ಸೆಂಟ್ ಅಗಲಕ್ಕೆ, ಅಂದರೆ ಶಕ್ತಿಯ 99 ಪರ್ಸೆಂಟ್ ಒಳಗೊಳ್ಳುವ ಅಗಲಕ್ಕೆ, ಹಳೆಯ, ಎಲ್ಲರೂ ಬಳಸುವ ಕೋಷ್ಟಕವಿದೆ. ಬಿಟಿ 0.25 ಇದ್ದರೆ ಬಿಟ್ ರೇಟಿನ 0.86 ಪಟ್ಟು, ಬಿಟಿ 0.5 ಇದ್ದರೆ 1.04 ಪಟ್ಟು, ಫಿಲ್ಟರೇ ಇಲ್ಲದ ಎಂಎಸ್‌ಕೆ ಆದರೆ 1.20 ಪಟ್ಟು. 150 ಗುಣಿಸು 1.04 ಅಂದರೆ 156 ಕಿಲೋಹರ್ಟ್ಸ್. 200ರ ಒಳಗೆ ಆರಾಮಾಗಿ ಕೂರುತ್ತದೆ.

ಆದರೆ ಹುಡುಗ ಈ ಕೋಷ್ಟಕ ತೆಗೆದಿರಲಿಲ್ಲ. ಕಾಲೇಜಿನಲ್ಲಿ ಕಲಿತ ಕಾರ್ಸನ್ ಸೂತ್ರ ಹಾಕಿದ್ದ: ಡೀವಿಯೇಶನ್ 37.5, ಬಿಟ್ ರೇಟಿನ ಅರ್ಧ 75, ಎರಡನ್ನೂ ಕೂಡಿಸಿ ಎರಡರಿಂದ ಗುಣಿಸಿದರೆ 225. ಕಾರ್ಸನ್ ಸೂತ್ರ ಎಫ್‌ಎಂನ ಅಂದಾಜಿಗೆ ಹುಟ್ಟಿದ್ದು. ಇಂಡೆಕ್ಸ್ ಸಣ್ಣದಿರುವ, ಫಿಲ್ಟರ್ ಆದ ಎಫ್‌ಎಸ್‌ಕೆಗೆ ಅದು ಧಾರಾಳವಾಗಿ ಜಾಸ್ತಿ ಹೇಳುತ್ತದೆ. ತಲೆಯಲ್ಲಿ 225 ಕೂತಿದ್ದಾಗ ಪರದೆಯ ಮೇಲೆ 270 ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ತಪ್ಪು ಇನ್ನೊಂದಕ್ಕೆ ಸಾಕ್ಷಿ ಹೇಳಿದ ಹಾಗಾಯಿತು.

ಈಗ ಮೊದಲ ಓದು, ಆ 5 ಮೆಗಾಹರ್ಟ್ಸ್. ಮಾಡ್ಯೂಲಿಗೆ ಅದರ ಅಂಟೆನಾ, ಅನಲೈಸರಿಗೆ ಒಂದು ರಬ್ಬರ್ ಅಂಟೆನಾ, ನಡುವೆ ಎರಡು ಮೀಟರ್. ಸೆಂಟರ್ 866 ಮೆಗಾಹರ್ಟ್ಸ್, ಸ್ಪ್ಯಾನ್ 10 ಮೆಗಾಹರ್ಟ್ಸ್. ಪರದೆ ತೋರಿಸುತ್ತಿದ್ದದ್ದು 861ರಿಂದ 871ರ ವರೆಗೆ. ನಮ್ಮ ದೇಶದಲ್ಲಿ 850 ಬ್ಯಾಂಡಿನ ಮೊಬೈಲ್ ಟವರುಗಳು ಫೋನಿನ ಕಡೆಗೆ ಬಿಡುವ ಸಿಗ್ನಲ್ ಶುರುವಾಗುವುದೇ 869 ಮೆಗಾಹರ್ಟ್ಸ್‌ನಿಂದ. ಭೋಸರಿಯಂಥ ಜಾಗದಲ್ಲಿ ಯಾವ ಶೆಡ್ಡಿನ ಮೇಲೆ ನಿಂತರೂ ಒಂದು ಟವರ್ ಕಾಣುತ್ತದೆ. ಅದರ ಶಕ್ತಿಯೂ ಲೆಕ್ಕಕ್ಕೆ ಸೇರಿತು: ಕೆಳ ಅಂಚು ಮಾಡ್ಯೂಲಿನ ಎಡ ತುದಿಯಲ್ಲಿ ನಿಂತಿತು, ಮೇಲಿನ ಅಂಚು ಟವರಿನ ಸಿಗ್ನಲ್ಲಿನಲ್ಲಿ, 871ರ ಹತ್ತಿರ. ಪರದೆಯಲ್ಲೇ ಸುಳಿವಿತ್ತು. ಅಗಲದ ಕೆಳಗೆ ಹೆಚ್ಚಿನ ಅನಲೈಸರುಗಳು ಟ್ರಾನ್ಸ್‌ಮಿಟ್ ಫ್ರೀಕ್ವೆನ್ಸಿ ಎರರ್ ಎಂದು ಇನ್ನೊಂದು ಸಂಖ್ಯೆ ತೋರಿಸುತ್ತವೆ. ಎರಡು ಅಂಚುಗಳ ನಡುಬಿಂದು ಸೆಂಟರಿನಿಂದ ಎಷ್ಟು ದೂರ ಎಂಬ ಲೆಕ್ಕ ಅದು. ಅಲ್ಲಿ 2.4 ಮೆಗಾಹರ್ಟ್ಸ್ ಇತ್ತು. ಫ್ರೀಕ್ವೆನ್ಸಿ ಕಾಯುವ ಕ್ರಿಸ್ಟಲ್ ಅಷ್ಟು ದಾರಿ ತಪ್ಪುವಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಂಟೆನಾ ತೆಗೆದು ಕೇಬಲ್ ಹಾಕಿದರು. ಅದು ಸರಿಯಾದ ಹೆಜ್ಜೆ. ಸ್ಪ್ಯಾನ್ ಮಾತ್ರ 10 ಮೆಗಾಹರ್ಟ್ಸ್‌ನಲ್ಲೇ ಉಳಿಯಿತು, ಆರ್‌ಬಿಡಬ್ಲ್ಯೂ (ಅನಲೈಸರ್ ಒಂದು ಸಲಕ್ಕೆ ನೋಡುವ ಕಿಟಕಿಯ ಅಗಲ) ಆಟೊದಲ್ಲಿ. ಆಟೊ ಇದ್ದಾಗ ಅನಲೈಸರ್ ಸುಮಾರಾಗಿ ಸ್ಪ್ಯಾನಿನ ನೂರನೇ ಒಂದು ಪಾಲನ್ನು ಆರಿಸಿಕೊಳ್ಳುತ್ತದೆ, ಇಲ್ಲಿ 100 ಕಿಲೋಹರ್ಟ್ಸ್. ಓದು 270.

ಅನಲೈಸರ್ ಈ ಸಂಖ್ಯೆಯನ್ನು ಹೇಗೆ ಕಟ್ಟುತ್ತದೆ ಎಂದು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ವ್ಯಾಖ್ಯೆಯಲ್ಲಿ ಆಕ್ಯುಪೈಡ್ ಬ್ಯಾಂಡ್‌ವಿಡ್ತ್ (ಓಬಿಡಬ್ಲ್ಯೂ) ಅಂದರೆ ಕೆಳ ಅಂಚಿನ ಕೆಳಗೆ ಒಟ್ಟು ಸರಾಸರಿ ಶಕ್ತಿಯ 0.5 ಪರ್ಸೆಂಟ್, ಮೇಲಿನ ಅಂಚಿನ ಮೇಲೆ 0.5 ಪರ್ಸೆಂಟ್ ಉಳಿಯುವಷ್ಟು ಅಗಲ, ನಡುವೆ 99. ಯಂತ್ರ ಮಾಡುವುದು ಅಂಗಡಿಯ ಲೆಕ್ಕವನ್ನೇ. ಟ್ರೇಸಿನ, ಅಂದರೆ ಪರದೆಯ ಮೇಲಿನ ರೇಖೆಯ, ಪ್ರತಿ ಬಿಂದುವನ್ನು ಡಿಬಿಎಂನಿಂದ ಮಿಲಿವ್ಯಾಟಿಗೆ ತಿರುಗಿಸಿ, ಎಲ್ಲ ಕೂಡಿಸಿ, ಎಡದಿಂದ ಒಂದೊಂದಾಗಿ ಎಣಿಸುತ್ತ 0.5 ಪರ್ಸೆಂಟ್ ತುಂಬಿದಲ್ಲಿ ಒಂದು ಗೆರೆ, ಬಲದಿಂದ ಎಣಿಸುತ್ತ ಬಂದು ಇನ್ನೊಂದು ಗೆರೆ. ಯಾವ ಶಕ್ತಿ ಯಾರದು ಎಂದು ಅದು ಕೇಳುವುದಿಲ್ಲ. ಸ್ಪ್ಯಾನಿನೊಳಗೆ ಬಿದ್ದದ್ದೆಲ್ಲ ನಿಮ್ಮದೇ. ಅದೂ ಅಲ್ಲದೆ ಟ್ರೇಸ್ ಅಂದರೆ ನಿಜವಾದ ಸ್ಪೆಕ್ಟ್ರಮ್ ಅಲ್ಲ. ಆರ್‌ಬಿಡಬ್ಲ್ಯೂ ಫಿಲ್ಟರ್ ತನ್ನ ಅಗಲದಷ್ಟು ಸವರಿ ಬಿಟ್ಟ ಚಿತ್ರ. ಆ ಸವರಿಕೆಯ ಅಗಲವೂ ಓದಿನಲ್ಲಿ ಸೇರುತ್ತದೆ.

ಘಟಕದಲ್ಲಿ ಇದು ಯಾರಿಗೂ ಹೊಳೆಯಲಿಲ್ಲ. ಕಂಡದ್ದು 270, ಮಿತಿ 200, ಡೆಡ್‌ಲೈನ್ ಹತ್ತಿರ. ಫರ್ಮ್‌ವೇರಿನಲ್ಲಿ ಬಿಟ್ ರೇಟನ್ನು 150ರಿಂದ 50 ಕಿಲೋಬಿಟ್‌ಗೆ, ಡೀವಿಯೇಶನ್ನನ್ನು 12.5ಕ್ಕೆ ಇಳಿಸಿ ಹೊಸ ಬಿಲ್ಡ್ ಮಾಡಿದರು. ಇದರ ಬೆಲೆ ಸಣ್ಣದಲ್ಲ. 20 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದ ಪ್ಯಾಕೆಟ್ಟಿಗೆ 60 ಬೇಕು, ಅಷ್ಟೂ ಹೊತ್ತು ಅರ್ಧ ವ್ಯಾಟಿನ ಪವರ್ ಆಂಪ್ಲಿಫೈಯರ್ ಉರಿಯಬೇಕು. ವರ್ಷಗಟ್ಟಲೆ ಒಂದೇ ಬ್ಯಾಟರಿಯಲ್ಲಿ ನಡೆಯಬೇಕಾದ ಮೀಟರಿಗೆ ಪ್ರಸಾರದ ಖರ್ಚು ಮೂರು ಪಟ್ಟು. ರೇಟ್ ಇಳಿದಾಗ ರಿಸೀವರಿನ ಸೂಕ್ಷ್ಮತೆ ಸುಮಾರು 5 ಡಿಬಿ ಸುಧಾರಿಸುತ್ತದೆ ನಿಜ, ಆದರೆ ಇಲ್ಲಿ ಯಾರೂ ಅದನ್ನು ಬೇಡಿರಲಿಲ್ಲ.

ಹೊಸ ಬಿಲ್ಡ್ ಹಾಕಿ ಅಳೆದರೆ 225 ಕಿಲೋಹರ್ಟ್ಸ್. ಸಿಗ್ನಲ್ ಮೂರನೇ ಒಂದು ಪಾಲಿಗೆ ಕುಗ್ಗಿದೆ, ಓದು ಇಳಿದದ್ದು 45 ಮಾತ್ರ. ಬೆಳಗಾವಿಯ ಹಿರಿಯರು ಬೆಂಚಿಗೆ ಬಂದದ್ದು ಆಗಲೇ.

“ರೇಟ್ ಮೂರನೇ ಒಂದಕ್ಕ ಇಳಿಸೀದಿ. ಅಗಲ ಯಾಕ ಇಳೀವಲ್ದು?”

“ಅದ ತಿಳೀವಲ್ದು ನೋಡ್ರಿ ಸರ. ಇನ್ನೂ ಇಳಸ್ಲಿ?”

“ಪೂರಾ ಇಳಿಸಿಬಿಡು. ಮಾಡ್ಯುಲೇಶನ್ನ ಬಂದ್ ಮಾಡು.”

“ಬಂದ್ ಮಾಡಿದ್ರ ಬರೇ ಕ್ಯಾರಿಯರ್ ಉಳೀತೈತಲ್ರಿ.”

“ಉಳೀಲಿ ತಮ್ಮಾ. ಅದನ್ನ ಅಳದು ನೋಡು.”

ಮಾಡ್ಯುಲೇಶನ್ ಇಲ್ಲದ ಶುದ್ಧ ಕ್ಯಾರಿಯರಿನ ಅಗಲ ಲೆಕ್ಕಕ್ಕೆ ಸೊನ್ನೆ. ಅನಲೈಸರ್ ಹೇಳಿದ್ದು 219 ಕಿಲೋಹರ್ಟ್ಸ್.

ಆ 219 ಅನಲೈಸರಿನ ಸ್ವಂತದ್ದು. ಇದಕ್ಕೆ ಗಣಿತವೂ ನೇರ. ಸಾಮಾನ್ಯ ಆರ್‌ಬಿಡಬ್ಲ್ಯೂ ಫಿಲ್ಟರಿನ ಆಕಾರ ಗಾಸಿಯನ್ನಿಗೆ ಹತ್ತಿರ, ಅದರ ಅಗಲವನ್ನು ಹೇಳುವುದು 3 ಡಿಬಿ ಬಿಂದುಗಳಲ್ಲಿ, ಅಂದರೆ ಶಕ್ತಿ ಅರ್ಧಕ್ಕಿಳಿಯುವಲ್ಲಿ. ಗಾಸಿಯನ್ ಗಂಟೆಯ ಅರ್ಧ ಎತ್ತರದ ಅಗಲ 2.355 ಸಿಗ್ಮಾ, ಎರಡೂ ಕಡೆ 0.5 ಪರ್ಸೆಂಟ್ ಬಿಟ್ಟರೆ ಉಳಿಯುವ ಅಗಲ 5.152 ಸಿಗ್ಮಾ. ಭಾಗಿಸಿದರೆ 2.19. ಹಾಗಾಗಿ ಯಾವ ಕ್ಯಾರಿಯರ್ ಕೊಟ್ಟರೂ ಅನಲೈಸರ್ ಆರ್‌ಬಿಡಬ್ಲ್ಯೂನ 2.19 ಪಟ್ಟಿಗಿಂತ ಕಡಿಮೆ ಓದಲಾರದು. 100 ಇಟ್ಟರೆ 219, 30 ಇಟ್ಟರೆ 66, 10 ಇಟ್ಟರೆ 22, 3 ಇಟ್ಟರೆ 6.6. 100ರಲ್ಲಿ ಅಳೆಯುವ ತನಕ ಈ ಮಾಡ್ಯೂಲ್ ಏನೇ ಮಾಡಿದರೂ 200ರ ಒಳಗೆ ಬರುವಂತೆಯೇ ಇರಲಿಲ್ಲ. ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ಅಳತೆಗೆಂದು 6 ಡಿಬಿ ಫಿಲ್ಟರ್ ಆರಿಸಿಟ್ಟಿದ್ದರೆ ಈ ಗುಣಕ 1.55 ಆಗುತ್ತದೆ. ಕ್ಯಾರಿಯರ್ ಹಾಕಿದಾಗ 2.19ರ ಬದಲು 1.55ರ ಹತ್ತಿರ ಬಂದರೆ ಹಿಂದಿನ ಶಿಫ್ಟಿನವರು ಏನು ಅಳೆಯುತ್ತಿದ್ದರು ಎಂಬುದೂ ಗೊತ್ತಾಗಿಬಿಡುತ್ತದೆ.

ಸವರಿಕೆ ಸಿಗ್ನಲ್ಲಿನ ಅಗಲಕ್ಕೆ ನೇರವಾಗಿ ಕೂಡುವುದಿಲ್ಲ, ಸುಮಾರಾಗಿ ವರ್ಗಗಳ ಮೊತ್ತದ ವರ್ಗಮೂಲದ ಹಾಗೆ ಕೂಡುತ್ತದೆ. 156 ಮತ್ತು 219 ಸೇರಿದರೆ 269. 50 ಕಿಲೋಬಿಟ್ಟಿನ ಸಿಗ್ನಲ್ಲಿನ ನಿಜವಾದ ಅಗಲ 52. ಅದೂ 219ರೊಡನೆ ಸೇರಿದರೆ 225. ಪರದೆ ತೋರಿಸಿದ್ದ ಎರಡೂ ಸಂಖ್ಯೆಗಳು ಇದರಲ್ಲಿ ಸಿಕ್ಕವು. ಇದೇ ಲೆಕ್ಕ ಆರ್‌ಬಿಡಬ್ಲ್ಯೂ ಎಷ್ಟಿರಬೇಕೆಂದೂ ಹೇಳುತ್ತದೆ. 30 ಇಟ್ಟರೆ ಓದು 169, 10 ಇಟ್ಟರೆ 157.5, 3 ಇಟ್ಟರೆ 156.1. ಪರೀಕ್ಷಾ ವಿಧಾನಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಯಮ, ಆರ್‌ಬಿಡಬ್ಲ್ಯೂ ಅಳೆಯಬೇಕಾದ ಅಗಲದ 1ರಿಂದ 5 ಪರ್ಸೆಂಟ್ ಇರಲಿ ಎನ್ನುವುದು, ಬಂದದ್ದು ಎಲ್ಲಿಂದ ಎಂಬುದು ಇಲ್ಲಿ ಕಾಣುತ್ತದೆ. ಅಗಲವೇ ಗೊತ್ತಿಲ್ಲದೆ 5 ಪರ್ಸೆಂಟ್ ಹೇಗೆ ಹಾಕುವುದು ಎಂದು ಕೇಳುವವರಿದ್ದಾರೆ. ಅಂದಾಜಿನಿಂದ ಶುರು ಮಾಡಿ, ಬಂದ ಓದಿಗೆ ತಕ್ಕ ಹಾಗೆ ಮತ್ತೊಮ್ಮೆ ಹಾಕಿ ಅಳೆಯುವುದು. ಎರಡನೇ ಸುತ್ತಿಗೆ ಅದು ನಿಲ್ಲುತ್ತದೆ.

ಹೊಸ ಹೊಂದಿಕೆಯನ್ನು ಶುರುವಿನಿಂದ ಕಟ್ಟಿದರು. ಮೊದಲು ಪ್ರಿಸೆಟ್ ಒತ್ತಿ ಯಂತ್ರವನ್ನು ಮೂಲ ಸ್ಥಿತಿಗೆ ತಂದರು, ಹಿಂದಿನವರ ಗುರುತೇ ಉಳಿಯದ ಹಾಗೆ.

ಮಾಡ್ಯೂಲಿನ ಔಟ್‌ಪುಟ್ಟಿಗೆ ಶಕ್ತಿ ತಗ್ಗಿಸುವ 30 ಡಿಬಿಯ ಅಟೆನ್ಯುಯೇಟರ್, 5 ವ್ಯಾಟಿನದು. ಅರ್ಧ ವ್ಯಾಟ್ ಸತತವಾಗಿ ಬೀಳುವ ಕಡೆ ಅರ್ಧ ವ್ಯಾಟಿನ ಅಟೆನ್ಯುಯೇಟರ್ ಹಾಕಿ ಅದು ಬಿಸಿಯಾಗಿ ಅದರ ಡಿಬಿ ಅಳತೆ ಸರಿಯುವುದನ್ನು ನೋಡುತ್ತ ಕೂರುವುದು ಬೇಡ. ಕೇಬಲಿನ ನಷ್ಟ ಅರ್ಧ ಡಿಬಿ. ಅನಲೈಸರಿನ ಬಾಯಿಗೆ ಬರುವುದು ಮೈನಸ್ 3.5 ಡಿಬಿಎಂ, ಒಳಗಿನ ಅಟೆನ್ಯುಯೇಟರ್ 10 ಡಿಬಿ, ಅದರಾಚೆಯ ನಾಜೂಕಿನ ಹಂತವಾದ ಮಿಕ್ಸರಿಗೆ ತಲುಪುವುದು ಮೈನಸ್ 13.5. ಮಿಕ್ಸರಿಗೆ ಮೈನಸ್ 10ಕ್ಕಿಂತ ಕೆಳಗೆ ಇಟ್ಟರೆ ನೆಮ್ಮದಿ.

ಸೆಂಟರ್ 866 ಮೆಗಾಹರ್ಟ್ಸ್, ಸ್ಪ್ಯಾನ್ 500 ಕಿಲೋಹರ್ಟ್ಸ್. ಅಗಲದ ಒಂದೂವರೆಯಿಂದ ಐದು ಪಟ್ಟು ಎಂಬ ರೂಢಿಯಲ್ಲಿ ಇದು ಮೂರು ಪಟ್ಟಿನ ಸುಮಾರು. ಸ್ಪ್ಯಾನ್ ತೀರಾ ಕಿರಿದಾದರೆ ಬಾಲಗಳು ಕತ್ತರಿಸಿ ಹೋಗಿ ಓದು ಕಡಿಮೆ ಬರುತ್ತದೆ. ತೀರಾ ಹಿರಿದಾದರೆ ನಾಯ್ಸ್ ಸೇರುತ್ತದೆ. ಈ ಎರಡನೆಯದರ ತೂಕ ಎಷ್ಟು ಎಂಬುದಕ್ಕೆ, ಕೇಬಲ್ ಹಾಕಲಾಗದೆ ಅಂಟೆನಾದಲ್ಲೇ ಅಳೆಯುವ ಒಂದು ಸಂದರ್ಭ ಇಟ್ಟುಕೊಳ್ಳೋಣ. ಟವರ್ ಇಲ್ಲ, ಬರುವ ಸಿಗ್ನಲ್ ಒಟ್ಟು ಮೈನಸ್ 50 ಡಿಬಿಎಂ. ಅನಲೈಸರಿನ ಸ್ವಂತ ನಾಯ್ಸ್ ಪ್ರತಿ ಹರ್ಟ್ಸಿಗೆ ಮೈನಸ್ 148, ಒಳಗಿನ ಅಟೆನ್ಯುಯೇಟರ್ 10 ಡಿಬಿ ಇದ್ದರೆ ಪರದೆಯ ಮೇಲೆ ಅದು ಮೈನಸ್ 138. 10 ಮೆಗಾಹರ್ಟ್ಸ್ ಸ್ಪ್ಯಾನಿನಲ್ಲಿ ಅದೆಲ್ಲ ಕೂಡಿದರೆ ಮೈನಸ್ 68 ಡಿಬಿಎಂ. ಸಿಗ್ನಲ್ಲಿಗಿಂತ 18 ಡಿಬಿ ಕೆಳಗೆ, ಕಣ್ಣಿಗೆ ಏನೂ ಅಲ್ಲ. ಆದರೆ 18 ಡಿಬಿ ಕೆಳಗೆ ಅಂದರೆ 1.6 ಪರ್ಸೆಂಟ್, ಒಂದೊಂದು ಕಡೆಗೆ 0.8. ಎಣಿಕೆ ಶುರುವಾದ 0.5 ಪರ್ಸೆಂಟ್ ಸಿಗ್ನಲ್ ಮುಟ್ಟುವ ಮೊದಲೇ, ಬರೀ ನಾಯ್ಸಿನಲ್ಲೇ ತುಂಬಿಬಿಡುತ್ತದೆ. ಓದು 3.6 ಮೆಗಾಹರ್ಟ್ಸ್ ಆಗುತ್ತದೆ. ಸ್ಪ್ಯಾನನ್ನು 500 ಕಿಲೋಹರ್ಟ್ಸಿಗೆ ಇಳಿಸಿದರೆ ಅದೇ ನಾಯ್ಸ್ ಮೈನಸ್ 81, 31 ಡಿಬಿ ಕೆಳಗೆ, 0.08 ಪರ್ಸೆಂಟ್. ಏನನ್ನೂ ಕೆಡಿಸಲಾರದು. ಪರದೆಯ ಮೇಲೆ ಗುಡ್ಡ ಚೆನ್ನಾಗಿ ಎದ್ದು ಕಾಣುತ್ತದೆ ಎಂಬುದು ಸಾಲದು. ಒಟ್ಟು ನಾಯ್ಸ್ ಒಟ್ಟು ಸಿಗ್ನಲ್ಲಿಗಿಂತ ಕನಿಷ್ಠ 30 ಡಿಬಿ ಕೆಳಗಿರಬೇಕು.

ಆರ್‌ಬಿಡಬ್ಲ್ಯೂ 3 ಕಿಲೋಹರ್ಟ್ಸ್, ವಿಬಿಡಬ್ಲ್ಯೂ (ಟ್ರೇಸನ್ನು ನಯ ಮಾಡುವ ಫಿಲ್ಟರಿನ ಅಗಲ) 10. ವಿಬಿಡಬ್ಲ್ಯೂ ಆರ್‌ಬಿಡಬ್ಲ್ಯೂನ ಮೂರು ಪಟ್ಟಿಗಿಂತ ಕೆಳಗಿಳಿಸಬಾರದು. ಟ್ರೇಸ್ ನಯವಾಗಿ ಕಾಣಲೆಂದು ಅದನ್ನು ಹಿಂಡುವ ಚಟ ಬಹಳ ಜನಕ್ಕಿದೆ. ನಯ ಬೇಕಿದ್ದರೆ ಶಕ್ತಿಯ ಸರಾಸರಿ ತೆಗೆಯುವ ಆರ್‌ಎಂಎಸ್ ಡಿಟೆಕ್ಟರ್ ಹಾಕಿ ಸ್ವೀಪನ್ನು ನಿಧಾನ ಮಾಡುವುದು ಸರಿಯಾದ ದಾರಿ. ಟ್ರೇಸಿನಲ್ಲಿ 1001 ಬಿಂದು, ಅಂದರೆ ಬಿಂದುವಿಗೆ ಅರ್ಧ ಕಿಲೋಹರ್ಟ್ಸ್. ಹಿಂದಿನ 10 ಮೆಗಾಹರ್ಟ್ಸ್ ಸ್ಪ್ಯಾನಿನಲ್ಲಿ ಇಷ್ಟೇ ಬಿಂದುಗಳಿದ್ದಾಗ ಬಿಂದುವಿಗೆ 10 ಕಿಲೋಹರ್ಟ್ಸ್ ಬಿದ್ದು ಅಂಚಿನ ಗೆರೆಗಳೇ ಕುಣಿಯುತ್ತಿದ್ದವು.

ಸ್ವೀಪ್ ಸಮಯ 5 ಸೆಕೆಂಡ್. ಆಟೊದಲ್ಲಿ ಬಿಟ್ಟರೆ 0.14 ಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೆ ಒಂದೊಂದು ಬಿಂದುವಿಗೆ ಸರಾಸರಿ ತೆಗೆಯಲು ಹೊತ್ತೇ ಸಿಗುವುದಿಲ್ಲ. 5 ಸೆಕೆಂಡಿಟ್ಟರೆ ಬಿಂದುವಿಗೆ 5 ಮಿಲಿಸೆಕೆಂಡ್, ಅದರಲ್ಲಿ ಸುಮಾರು 15 ಸ್ವತಂತ್ರ ಮಾದರಿಗಳು. 20 ಸ್ವೀಪ್ ಸರಾಸರಿ, ಪವರ್ ಸರಾಸರಿಯಲ್ಲಿ, ಲಾಗ್‌ನಲ್ಲಿ ಅಲ್ಲ. ಒಟ್ಟು 300 ಮಾದರಿ, ಟ್ರೇಸಿನ ನಡುಕ ಕಾಲು ಡಿಬಿಗೆ ಇಳಿಯುತ್ತದೆ. ನೂರು ಸೆಕೆಂಡಿನ ಕೆಲಸ, ಒಂದು ಚಹಾದಷ್ಟು.

ರೆಫರೆನ್ಸ್ ಲೆವಲ್, ಅಂದರೆ ಪರದೆಯ ಮೇಲಂಚಿನ ಮಟ್ಟದ ಹತ್ತಿರ ಒಂದು ಕ್ಷಣ ನಿಲ್ಲಬೇಕು. ಸಿಗ್ನಲ್ಲಿನ ಶಕ್ತಿ 156 ಕಿಲೋಹರ್ಟ್ಸಿನಲ್ಲಿ ಹರಡಿದೆ, ಟ್ರೇಸ್ ತೋರಿಸುವುದು 3 ಕಿಲೋಹರ್ಟ್ಸ್ ತುಂಡುಗಳನ್ನು. 156 ಭಾಗಿಸು 3 ಅಂದರೆ 52, ಡಿಬಿಯಲ್ಲಿ 17. ಅಟೆನ್ಯುಯೇಟರಿನ ಲೆಕ್ಕ ತೋರಿಸುವ ಆಫ್‌ಸೆಟ್ ಹಾಕದೆ ನೋಡಿದರೆ ಗುಡ್ಡದ ನೆತ್ತಿ ಮೈನಸ್ 20ರ ಹತ್ತಿರ ಕೂರುತ್ತದೆ, ಪರದೆಯ ಮೇಲ್ಭಾಗ ಖಾಲಿ. ಹುಡುಗ ಅದನ್ನು ಕಂಡು ಚಿತ್ರ ತುಂಬಿಕೊಳ್ಳಲೆಂದು ರೆಫರೆನ್ಸನ್ನು ಮೈನಸ್ 15ಕ್ಕೆ ಇಳಿಸಿದ. ಅನಲೈಸರ್ ಆಟೊ ಅಟೆನ್ಯುಯೇಶನ್ ಸೊನ್ನೆಗೆ ತಂದುಕೊಂಡಿತು, ಮೈನಸ್ 3.5 ಡಿಬಿಎಂ ಇಡಿಯಾಗಿ ಮಿಕ್ಸರಿಗೆ ಬಿತ್ತು, ಓವರ್‌ಲೋಡ್ ಎಂದು ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ. ಟ್ರೇಸ್ ಕೆಳಗಿದೆ ಎಂದರೆ ಶಕ್ತಿ ಕಡಿಮೆಯಿದೆ ಎಂದಲ್ಲ. ರೆಫರೆನ್ಸ್ 0 ಡಿಬಿಎಂಗೆ ವಾಪಸ್ ಹೋಯಿತು, ಅಟೆನ್ಯುಯೇಟರ್ ಕೈಯಿಂದ 10ಕ್ಕೆ ಕಟ್ಟಿಟ್ಟರು. ಇಲ್ಲೊಂದು ಸ್ವಾರಸ್ಯವೆಂದರೆ ಓವರ್‌ಲೋಡಿನಲ್ಲೂ ಅಗಲ ಹೆಚ್ಚೇನೂ ಬದಲಾಗಿರಲಿಲ್ಲ. ಜಿಎಫ್‌ಎಸ್‌ಕೆಯ ಎತ್ತರ ಸದಾ ಒಂದೇ, ಕಂಪ್ರೆಶನ್ ಆದರೂ ಬಾಲಗಳು ಅಷ್ಟಾಗಿ ಏಳುವುದಿಲ್ಲ. ಇದೇ ತಪ್ಪನ್ನು ಎತ್ತರ ಸದಾ ಏರಿಳಿಯುವ ಓಎಫ್‌ಡಿಎಂ ಸಿಗ್ನಲ್ಲಿನ ಮೇಲೆ ಮಾಡಿದ್ದರೆ ಎರಡೂ ಕಡೆ ಭುಜಗಳು ಎದ್ದು ಓದು ಪೂರಾ ಹದಗೆಡುತ್ತಿತ್ತು. ಯಾವ ಸಿಗ್ನಲ್ ಆದರೂ ಪರೀಕ್ಷೆ ಒಂದೇ: ಒಳಗಿನ ಅಟೆನ್ಯುಯೇಟರನ್ನು 10 ಡಿಬಿ ಏರಿಸಿ, ಅಗಲ ಕದಲಿದರೆ ಮೊದಲಿನ ಓದು ಯಂತ್ರದ್ದು.

ಟ್ರಾನ್ಸ್‌ಮಿಟರ್ ಏನನ್ನು ಕಳಿಸುತ್ತಿದೆ ಎಂಬುದೂ ಹೊಂದಿಕೆಯ ಭಾಗವೇ. ಮಾಮೂಲಿ ಸ್ಥಿತಿಯಲ್ಲಿ ಮಾಡ್ಯೂಲ್ ಎರಡು ಸೆಕೆಂಡಿಗೊಮ್ಮೆ 20 ಮಿಲಿಸೆಕೆಂಡಿನ ಪ್ಯಾಕೆಟ್ ಬಿಡುತ್ತದೆ. ಸ್ವೀಪ್ 140 ಮಿಲಿಸೆಕೆಂಡ್ ಇದ್ದರೆ ಒಂದು ಪ್ಯಾಕೆಟ್ ಆಗುವಷ್ಟರಲ್ಲಿ ಸ್ವೀಪ್ ದಾಟುವುದು 500ರಲ್ಲಿ 71 ಕಿಲೋಹರ್ಟ್ಸ್ ಮಾತ್ರ. ಟ್ರೇಸಿನಲ್ಲಿ ಹಲ್ಲು ಮುರಿದ ಬಾಚಣಿಗೆಯ ಹಾಗೆ ಒಂದೊಂದು ತುಂಡು ಕಾಣುತ್ತದೆ, ಓದು ಪ್ರತಿ ಸಲ ಬೇರೆ. ಮ್ಯಾಕ್ಸ್ ಹೋಲ್ಡ್ ಹಾಕಿ ಕಾದರೆ ತುಂಬುತ್ತದೆ, ಆದರೆ ಒಂದಿಷ್ಟು ನಿಮಿಷ ಬೇಕು, ಪ್ಯಾಕೆಟ್ಟಿನ ಅವಧಿಗೂ ಸ್ವೀಪಿನ ಅವಧಿಗೂ ಪೂರ್ಣಾಂಕದ ನಂಟು ಬಿದ್ದರೆ ಅದೇ ತುಂಡು ಮತ್ತೆ ಮತ್ತೆ ಬಿದ್ದು ಉಳಿದದ್ದು ತುಂಬುವುದೇ ಇಲ್ಲ. ಮೇಲಾಗಿ ಮ್ಯಾಕ್ಸ್ ಹೋಲ್ಡ್ ಹಿಡಿಯುವುದು ಗರಿಷ್ಠವನ್ನು. ವ್ಯಾಖ್ಯೆ ಕೇಳುವುದು ಸರಾಸರಿ ಶಕ್ತಿಯನ್ನು. ಹಾಗೆಂದು ಅದು ನಿಷಿದ್ಧವಲ್ಲ, ಪೀಕ್ ಡಿಟೆಕ್ಟರ್ ಮತ್ತು ಮ್ಯಾಕ್ಸ್ ಹೋಲ್ಡನ್ನೇ ಹೇಳುವ ಪರೀಕ್ಷಾ ವಿಧಾನಗಳಿವೆ. ಯಾವ ವಿಧಾನದಲ್ಲಿ ಅಳೆದದ್ದು ಎಂದು ಓದಿನ ಪಕ್ಕ ಬರೆದಿದ್ದರೆ ಆಯಿತು. ಎಫ್‌ಎಫ್‌ಟಿ ಮೋಡ್ ಇರುವ ಅನಲೈಸರ್ ಕೈಯಲ್ಲಿದ್ದರೆ ಸಿಗ್ನಲ್ ಬಂದೊಡನೆ ಅಳತೆ ಶುರು ಮಾಡುವ ಐಎಫ್ ಪವರ್ ಟ್ರಿಗರ್ ಹಾಕಿ ಇಡೀ 500 ಕಿಲೋಹರ್ಟ್ಸನ್ನು ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಯಬಹುದು. ಈ ಬೆಂಚಿನ ಯಂತ್ರದಲ್ಲಿ ಅದಿರಲಿಲ್ಲ.

ಆದ್ದರಿಂದ ರೇಡಿಯೊ ಚಿಪ್ಪಿನ ಟೆಸ್ಟ್ ಮೋಡ್: ಸತತ ಪ್ರಸಾರ, ಪಿಎನ್9 ಎಂಬ ಗೊತ್ತುಗುರಿಯಿಲ್ಲದಂತೆ ಕಾಣುವ ಡೇಟಾ. ಹುಡುಗ ಮೊದಲು 10101010 ಹಾಕಿದ್ದ, ಬರೆಯಲು ಸುಲಭ ಎಂದು. ಹಾಗೆ ಮಾಡಿದರೆ ಸಿಗ್ನಲ್ ಹರಡುವುದಿಲ್ಲ, ಕ್ಯಾರಿಯರಿನ ಎರಡೂ ಬದಿ 75 ಕಿಲೋಹರ್ಟ್ಸ್ ಅಂತರದಲ್ಲಿ ಕಂಬಗಳು ನಿಲ್ಲುತ್ತವೆ, ಅಂಚಿನ ಗೆರೆ ಹೋಗಿ ಯಾವುದೋ ಕಂಬಕ್ಕೆ ಅಂಟಿಕೊಳ್ಳುತ್ತದೆ. ಓದು 150ರ ಆಸುಪಾಸು. 156ಕ್ಕೆ ಎಷ್ಟು ಹತ್ತಿರ ನೋಡಿ, ಆದರೆ ಅದು ಕಂಬಗಳ ಅಂತರ, ಸಿಗ್ನಲ್ಲಿನ ಅಗಲ ಅಲ್ಲ. ಪಿಎನ್9 ಅಂದರೆ 511 ಬಿಟ್ಟಿಗೊಮ್ಮೆ ತಿರುಗಿ ಬರುವ ಸಾಲು. 150 ಕಿಲೋಬಿಟ್ಟಿನಲ್ಲಿ ಅದರ ಕಂಬಗಳ ಅಂತರ 294 ಹರ್ಟ್ಸ್, 3 ಕಿಲೋಹರ್ಟ್ಸ್ ಫಿಲ್ಟರಿಗೆ ಅವೆಲ್ಲ ಒಂದೇ ಮೈ. ಸತತ ಪ್ರಸಾರವನ್ನು ಅಳತೆ ಮುಗಿದೊಡನೆ ನಿಲ್ಲಿಸಬೇಕು. ನೂರು ಮಿಲಿಸೆಕೆಂಡಿನಲ್ಲಿ ಒಂದು ಮಿಲಿಸೆಕೆಂಡ್ ದುಡಿಯುವ ಲೆಕ್ಕದಲ್ಲಿ ಶಾಖ ಹೀರುವ ತಾಮ್ರ ಬಿಟ್ಟಿರುವ ಬೋರ್ಡ್ ಅದು, ಊಟದ ಹೊತ್ತಿನ ವರೆಗೂ ಉರಿಯಲು ಬಿಡಬಾರದು.

ಇಷ್ಟಾದ ಮೇಲೆ ಮೊದಲು ಕ್ಯಾರಿಯರ್: 6.6 ಕಿಲೋಹರ್ಟ್ಸ್. ಯಂತ್ರ ಸರಿಯಿದೆ. ಆಮೇಲೆ 150 ಕಿಲೋಬಿಟ್ಟಿನ ಹಳೆಯ ಫರ್ಮ್‌ವೇರ್, ಪಿಎನ್9: 156 ಕಿಲೋಹರ್ಟ್ಸ್. ಕೋಷ್ಟಕ ಹೇಳಿದ್ದೇ ಬಂತು. 50 ಕಿಲೋಬಿಟ್ಟಿನ ಬಿಲ್ಡ್ ಅಲ್ಲಿಗೆ ಬದಿಗೆ ಸರಿಯಿತು.

ಪ್ರಕರಣ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅದೇ ಬ್ಯಾಚಿನ ಎರಡನೇ ಬೋರ್ಡ್ ಹಾಕಿದರೆ 181. ಮಿತಿಯೊಳಗೇ ಇದೆ, ಪಾಸ್ ಎಂದು ಬರೆದು ಮುಂದೆ ಹೋಗಬಹುದು. ಆದರೆ ಒಂದೇ ವಿನ್ಯಾಸದ ಎರಡು ಬೋರ್ಡಿನಲ್ಲಿ 25 ಕಿಲೋಹರ್ಟ್ಸ್ ವ್ಯತ್ಯಾಸ ಬರುವ ಕಾರಣವಿಲ್ಲ, ಮತ್ತು 150ರ 1.20 ಪಟ್ಟು 180 ಎಂಬುದು ಆ ಹೊತ್ತಿಗೆ ಇಬ್ಬರಿಗೂ ಬಾಯಿಪಾಠ. ಟ್ರೇಸಿನ ಆಕಾರವೂ ಅದನ್ನೇ ಹೇಳುತ್ತಿತ್ತು. ಮೊದಲ ಬೋರ್ಡಿನಲ್ಲಿ ಗುಡ್ಡ ನಯವಾಗಿ ಇಳಿದು ಹೋಗುತ್ತಿತ್ತು. ಇದರಲ್ಲಿ ಸೆಂಟರಿನಿಂದ 112 ಕಿಲೋಹರ್ಟ್ಸ್ ದೂರದಲ್ಲಿ ಎರಡೂ ಕಡೆ ಒಂದೊಂದು ತಗ್ಗು, ಅದರಾಚೆ ನೆತ್ತಿಗಿಂತ 23 ಡಿಬಿ ಕೆಳಗೆ ಮತ್ತೊಂದು ದಿಬ್ಬ. ಎಂಎಸ್‌ಕೆಯ ಮೊದಲ ಸೊನ್ನೆ ಬೀಳುವುದು ಬಿಟ್ ರೇಟಿನ ಮುಕ್ಕಾಲು ಪಾಲಿನಲ್ಲಿ, 112.5ರಲ್ಲಿ. ಗಾಸಿಯನ್ ಫಿಲ್ಟರ್ ಕೆಲಸ ಮಾಡುತ್ತಿಲ್ಲ.

ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಉಪಾಯ ಹೂಡಿದರು. ಓಬಿಡಬ್ಲ್ಯೂ ಮೆನುವಿನ ಪರ್ಸೆಂಟನ್ನು 99ರಿಂದ 99.9ಕ್ಕೆ ಏರಿಸಿ, ಸ್ಪ್ಯಾನನ್ನು 1 ಮೆಗಾಹರ್ಟ್ಸಿಗೆ ಹಿಗ್ಗಿಸಿದರು. 99ರಲ್ಲಿ ಎರಡು ಬೋರ್ಡಿನ ನಡುವೆ ವ್ಯತ್ಯಾಸ ಸಣ್ಣದು. 99.9ರಲ್ಲಿ ಕೋಷ್ಟಕದ ಗುಣಕಗಳು ಬಿಟಿ 0.5ಕ್ಕೆ 1.33, ಎಂಎಸ್‌ಕೆಗೆ 2.76. ಒಂದು ಬೋರ್ಡ್ 200ರ ಹತ್ತಿರ ನಿಂತಿತು, ಇನ್ನೊಂದು 400 ದಾಟಿತು. ಬಾಲ ಎಷ್ಟು ಉದ್ದವಿದೆ ಎಂಬುದು ಆಗ ಕಣ್ಣಿಗೆ ಬಿತ್ತು. ಈ ಪರೀಕ್ಷೆ ಮಾಡಿದವರು ಎದ್ದು ಹೋಗುವ ಮೊದಲು ಪರ್ಸೆಂಟನ್ನು 99ಕ್ಕೆ ವಾಪಸ್ ಇಡಲೇಬೇಕು, ಇಲ್ಲದಿದ್ದರೆ ಮುಂದಿನ ಶಿಫ್ಟಿಗೆ ಇನ್ನೊಂದು ಪ್ರಕರಣ ಹುಟ್ಟುತ್ತದೆ. ಅದೇ ಪರದೆಯಲ್ಲಿ ಪಕ್ಕದಲ್ಲೇ ಕಾಣುವ ಎಕ್ಸ್ ಡಿಬಿ ಬ್ಯಾಂಡ್‌ವಿಡ್ತ್ (ನೆತ್ತಿಗಿಂತ ಇಂತಿಷ್ಟು ಡಿಬಿ ಕೆಳಗಿನ ಅಗಲ), ಸಾಮಾನ್ಯವಾಗಿ 26 ಡಿಬಿಯದು, ಇನ್ನೊಂದೇ ಅಳತೆ. ಅದನ್ನು ಓಬಿಡಬ್ಲ್ಯೂ ಎಂದು ನಕಲು ಮಾಡಿದ ರಿಪೋರ್ಟುಗಳು ಅಪರೂಪವಲ್ಲ.

ಕಾರಣ ಹಾರ್ಡ್‌ವೇರಿನಲ್ಲಿರಲಿಲ್ಲ. ಎರಡನೇ ಬೋರ್ಡಿನಲ್ಲಿದ್ದ ಫರ್ಮ್‌ವೇರ್ ಆವೃತ್ತಿಯಲ್ಲಿ ಚಾನೆಲ್ ಬದಲಿಸುವ ಫಂಕ್ಷನ್ ಮಾಡ್ಯುಲೇಶನ್ ರಿಜಿಸ್ಟರನ್ನು ಇಡಿಯಾಗಿ ಮತ್ತೆ ಬರೆಯುತ್ತಿತ್ತು, ಬರೆಯುವಾಗ ಶೇಪಿಂಗಿನ ಎರಡು ಬಿಟ್ಟುಗಳನ್ನು ಸೊನ್ನೆ ಮಾಡುತ್ತಿತ್ತು. ಬೋರ್ಡ್ ಶುರುವಾದಾಗ ಫಿಲ್ಟರ್ ಇದೆ, ಮೊದಲ ಸಲ ಚಾನೆಲ್ ಬದಲಾದೊಡನೆ ಇಲ್ಲ. ಓದಿ, ಬೇಕಾದ ಬಿಟ್ಟುಗಳನ್ನಷ್ಟೇ ತಿದ್ದಿ, ಬರೆಯುವ ಹಾಗೆ ಬದಲಿಸಿದರು, 156ಕ್ಕೆ ಇಳಿಯಿತು. ಇದೇ ದೋಷ 100 ಕಿಲೋಹರ್ಟ್ಸ್ ಆರ್‌ಬಿಡಬ್ಲ್ಯೂನಲ್ಲಿ ಹೇಗೆ ಕಾಣುತ್ತಿತ್ತು? ಫಿಲ್ಟರ್ ಇದ್ದರೆ 269, ಇಲ್ಲದಿದ್ದರೆ 283ರ ಸುಮಾರು. ಹಾಗೆ ಕುಣಿಯುವ ಓದಿನಲ್ಲಿ ಆ 14 ಯಾರ ಕಣ್ಣಿಗೂ ಬೀಳುವುದಿಲ್ಲ.

ಉಳಿದದ್ದು ಚಾನೆಲ್ಲುಗಳ ಜಾಗ. ಅಗಲ 156 ಅಂದರೆ ಸೆಂಟರಿನಿಂದ ಒಂದೊಂದು ಕಡೆಗೆ 78 ಕಿಲೋಹರ್ಟ್ಸ್. ಸರಿಯಾದ ಹೊಂದಿಕೆಯಲ್ಲಿ ಟ್ರಾನ್ಸ್‌ಮಿಟ್ ಫ್ರೀಕ್ವೆನ್ಸಿ ಎರರ್ 6.1 ಕಿಲೋಹರ್ಟ್ಸ್ ತೋರಿಸಿತು, ಅಂದರೆ 7 ಪಿಪಿಎಂ (ಹತ್ತು ಲಕ್ಷಕ್ಕೆ 7); ಕ್ರಿಸ್ಟಲಿನ ಕಾಗದದಲ್ಲಿ 20 ಪಿಪಿಎಂ ಇದೆ, 866 ಮೆಗಾಹರ್ಟ್ಸಿನಲ್ಲಿ ಅದು 17.3 ಕಿಲೋಹರ್ಟ್ಸ್. ಅನಲೈಸರಿನ ಸ್ವಂತ ಗಡಿಯಾರದ ಮೇಲೆ ಭರವಸೆ ಇಲ್ಲದಿದ್ದರೆ ಈ ಸಂಖ್ಯೆ ಓದುವ ಮೊದಲು ಹೊರಗಿನ 10 ಮೆಗಾಹರ್ಟ್ಸ್ ರೆಫರೆನ್ಸಿಗೆ ಕಟ್ಟಬೇಕು. ಅತಿ ಕೆಳಗಿನ ಚಾನೆಲ್ 865.100ರಲ್ಲಿದ್ದರೆ ಸಿಗ್ನಲ್ಲಿನ ಕೆಳ ಅಂಚು 865.022, ಕ್ರಿಸ್ಟಲ್ ಪೂರಾ ಕೆಳಗೆ ಸರಿದರೆ 865.005. ಮೂಲ ಪಟ್ಟಿಯಲ್ಲಿ ಮೊದಲ ಚಾನೆಲ್ 865.080ರಲ್ಲಿತ್ತು, ಕ್ರಿಸ್ಟಲ್ ಪೂರಾ ಸರಿದರೆ ಅಂಚು 865ರ ಕೆಳಗೆ ಬೀಳುತ್ತಿತ್ತು. ಅದನ್ನು ಅಳಿಸಿ 865.100 ಎಂದು ಬರೆದು, 150 ಕಿಲೋಬಿಟ್ಟಿನ ಬಿಲ್ಡನ್ನೇ ಅರ್ಜಿಗೆ ಕಳಿಸಿದರು. ಜೊತೆಗೆ ಎರಡು ಪರದೆಗಳ ಚಿತ್ರ ಹೋಯಿತು: ಒಂದರಲ್ಲಿ 156 ಕಿಲೋಹರ್ಟ್ಸ್, ಅದಕ್ಕೂ ಮೊದಲಿನದರಲ್ಲಿ ಬರೀ ಕ್ಯಾರಿಯರಿನ 6.6.